ಶ್ವಾಸಕೋಶ ಕಸಿಯ ದೀರ್ಘಕಾಲಿಕ ತಿರಸ್ಕಾರ ಮತ್ತು ಇಲಿಗಳ ಪ್ರಯೋಗ: ವೈದ್ಯರೊಂದಿಗೆ ಪ್ರಶ್ನೋತ್ತರ

ಸಂಶೋಧನಾ ವಿದ್ಯಾರ್ಥಿನಿ: ಸರ್, ಪುಟ್ಟ ಇಲಿಯ ಶ್ವಾಸನಾಳವನ್ನು ಬೇರೆ ತಳಿಯ ಇಲಿಯ ಚರ್ಮದಡಿ ಇಟ್ಟು, ಕಸಿಯಾದ ಶ್ವಾಸಕೋಶವನ್ನು ದೇಹ ನಿಧಾನವಾಗಿ ತಿರಸ್ಕರಿಸಿ ಸಣ್ಣ ಶ್ವಾಸನಾಳಗಳು ಮುಚ್ಚಿಹೋಗುವ ಈ ರೋಗವನ್ನು ಅಭ್ಯಸಿಸುವ ಮಾದರಿ ಈಗಲೂ ಉಪಯುಕ್ತವೇ?

ವೈದ್ಯರು: ಇದಕ್ಕೆ ವಿಸ್ತಾರವಾಗಿಯೇ ಉತ್ತರಿಸಬೇಕು. 1993ರಲ್ಲಿ ಪ್ರಕಟವಾದ ಈ ಮಾದರಿಯಲ್ಲಿ ನಾಳದ ಒಳಪದರ ಮೊದಲು ನಾಶವಾಗಿ, ಮೂರು ನಾಲ್ಕು ವಾರಗಳಲ್ಲಿ ಒಳಗೆಲ್ಲ ನಾರುಗಟ್ಟಿ ಮುಚ್ಚಿಹೋಗುತ್ತದೆ. ಅದೇ ತಳಿಯ ಇಲಿಯ ನಾಳವಾದರೆ ತೆರೆದೇ ಉಳಿಯುತ್ತದೆ. ವಿಧಾನ ಸುಲಭ, ಫಲಿತಾಂಶವೂ ಖಚಿತ. ಆದರೆ ಮನುಷ್ಯರಲ್ಲಿ ಮುಚ್ಚಿಕೊಳ್ಳುವುದು ಮೃದ್ವಸ್ಥಿಯೇ ಇಲ್ಲದ ಸಣ್ಣ ಶ್ವಾಸನಾಳಗಳು. ಚರ್ಮದಡಿಯ ದೊಡ್ಡ ನಾಳಕ್ಕಾದರೋ ಉಸಿರೂ ಇಲ್ಲ, ಕಸಿಯ ವೇಳೆ ಜೋಡಿಸಿದ ರಕ್ತನಾಳವೂ ಇಲ್ಲ. 2007ರಲ್ಲಿ ಪುಟ್ಟ ಇಲಿಗೆ ಎಡ ಶ್ವಾಸಕೋಶವನ್ನೇ ಕಸಿ ಮಾಡುವ ವಿಧಾನ ಬಂದಾಗ ಈ ಕೊರತೆ ನೀಗಿತು, ಬೇರೊಂದು ತೊಡಕು ಎದ್ದಿತು: ತಳಿಗಳು ಪೂರ್ತಿ ಬೇರೆಯಾದರೆ ಬೇಗನೆ ಎರಗುವ ತೀವ್ರ ತಿರಸ್ಕಾರವೇ ಮೇಲುಗೈ ಪಡೆಯುತ್ತದೆ, ಅಲ್ಪ ವ್ಯತ್ಯಾಸದ ತಳಿಗಳನ್ನು ಆರಿಸಿದರೆ ನಾಳ ಮುಚ್ಚುವ ಲಕ್ಷಣ ಕೆಲವು ಇಲಿಗಳಲ್ಲಿ ಮಾತ್ರ ಕಾಣುತ್ತದೆ. ಮೇಲಾಗಿ ಪ್ರಯೋಗಾಲಯದ ಇಲಿ ಶುದ್ಧ ಪಂಜರದಲ್ಲಿ ಬೆಳೆದದ್ದು. ನಮ್ಮ ರೋಗಿಗಳಿಗೆ ವೈರಾಣು ಸೋಂಕು, ಹೊಟ್ಟೆಯ ಆಮ್ಲ ಮೇಲೇರುವುದು ಎಲ್ಲವೂ ಉಂಟು. ಯಾವ ಪ್ರಶ್ನೆಗೆ ಯಾವ ಇಲಿ ಎಂಬುದನ್ನು ಮೊದಲು ನಿರ್ಧರಿಸಿ.

ಸದಸ್ಯ ೧: ಇಲಿಯಲ್ಲಿ ಗುಣವಾದ ಔಷಧ ನಮಗೆ ಯಾವಾಗ ಸಿಗುತ್ತದೆ, ಡಾಕ್ಟರೇ?

ವೈದ್ಯರು: ಮೇಲಿನ ಉತ್ತರವನ್ನು ಓದಿ.

ಸದಸ್ಯ ೨: ಮೂಕಪ್ರಾಣಿಗಳನ್ನು ಕೊಂದು ಪಡೆದ ಔಷಧ ನಮಗೇಕೆ?

ಸದಸ್ಯೆ ೩: ನನ್ನ ಅಣ್ಣನಿಗೆ ಮೆಟ್ಟಿಲು ಹತ್ತಲಾಗುತ್ತಿಲ್ಲ. ನೀವು ನಿತ್ಯ ನುಂಗುವ ಮಾತ್ರೆಯೂ ಪ್ರಾಣಿಗಳ ಮೇಲೆ ಪರೀಕ್ಷೆಯಾಗಿಯೇ ಬಂದಿದೆ ಎಂಬುದನ್ನು ಮರೆಯಬೇಡಿ.

ಸದಸ್ಯ ೨: ನಿಮ್ಮ ಕಷ್ಟವನ್ನು ಮುಂದಿಟ್ಟುಕೊಂಡು ನನ್ನ ಬಾಯಿ ಮುಚ್ಚಿಸಬೇಡಿ.

ಸದಸ್ಯೆ ೩: ಹಾಗಾದರೆ ಪರ್ಯಾಯವನ್ನಾದರೂ ಹೇಳಿ.

ವಿದ್ಯಾರ್ಥಿನಿ: ಹಂದಿಗಳ ಮಾದರಿ ಮನುಷ್ಯರಿಗೆ ಇನ್ನೂ ಹತ್ತಿರವಲ್ಲವೇ, ಸರ್?

ಸದಸ್ಯ ೪: ಫಾರ್ವರ್ಡ್ ಆಗಿ ಬಂದದ್ದು: “ಅಮೃತಬಳ್ಳಿ ಕಷಾಯದಿಂದ ತಿರಸ್ಕಾರ ನಿಲ್ಲುತ್ತದೆ, ಇಲಿಗಳಲ್ಲಿ ಸಾಬೀತಾಗಿದೆ.” ಕಸಿಯಾದ ನಮ್ಮ ತಂದೆಯವರು ಇದನ್ನು ದಿನವೂ ಕುಡಿಯುತ್ತಿದ್ದಾರೆ. ಆದರೂ ಊದುವ ಪರೀಕ್ಷೆಯ ಅಂಕಿ ಇಳಿಯುತ್ತಲೇ ಇದೆ.

ವೈದ್ಯರು: ಯಾವ ಇಲಿ, ಯಾವ ಕಸಿ ಎಂಬುದೇ ಇಲ್ಲದ ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿ ಎಂದು ಹಿಂದೆಯೂ ಹೇಳಿದ್ದೇನೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ನಾವು ಮಾತ್ರೆ ಕೊಡುತ್ತಿರುವಾಗ, ಅದನ್ನೇ ಹೆಚ್ಚಿಸುತ್ತದೆಂಬ ಹೆಸರಿನ ಬಳ್ಳಿಯನ್ನು ಕುಡಿಸುವುದು ಯಾವ ನ್ಯಾಯ? ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ತಿರಸ್ಕಾರ ತಡೆಯಲು ಕೊಡುವ ಟ್ಯಾಕ್ರೊಲಿಮಸ್ ಮಾತ್ರೆ ವಿಘಟನೆಯಾಗುವುದೂ ಯಕೃತ್ತಿನಲ್ಲೇ. ಕಸಿಯ ನಂತರದ ಅತ್ಯುತ್ತಮ ಮಟ್ಟಕ್ಕಿಂತ ಅಂಕಿ ಶೇ. 20ರಷ್ಟು ಇಳಿದು ಹಾಗೆಯೇ ಉಳಿದರೆ ದೀರ್ಘಕಾಲಿಕ ತಿರಸ್ಕಾರವನ್ನು ಶಂಕಿಸಲೇಬೇಕು. ಸೋಂಕು, ತೀವ್ರ ತಿರಸ್ಕಾರಗಳೂ ಕಾರಣವಾಗಿರಬಹುದು. ಕಳೆದುಹೋದ ಉಸಿರು ಸಾಮಾನ್ಯವಾಗಿ ಮರಳುವುದಿಲ್ಲ.

ಸದಸ್ಯ ೪: ಮುಂದಿನ ವಾರ ತೋರಿಸಿದರೆ ಸಾಲದೇ?

ವೈದ್ಯರು: ಸಾಲದು. ಕಷಾಯವನ್ನು ನಿಲ್ಲಿಸಿ, ಮಾತ್ರೆಗಳನ್ನು ನಿಲ್ಲಿಸಬೇಡಿ, ಕಸಿ ಮಾಡಿದ ಆಸ್ಪತ್ರೆಗೆ ಇಂದೇ ಕರೆ ಮಾಡಿ.

ಸದಸ್ಯ ೧: ಹಾಗಾದರೆ ಔಷಧ ಯಾವಾಗ ಎಂದು ಹೇಳಲಿಲ್ಲವಲ್ಲ, ಡಾಕ್ಟರೇ?