ಪ್ರಬಂಧ ತಿದ್ದುವುದು ಅಂದರೆ ಏನನ್ನು ತಿದ್ದಬೇಕು?

ಕೋಲಾರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಬಿ.ಎ. ಮೊದಲ ವರ್ಷ ಓದುತ್ತಿದ್ದೇನೆ. ನಮಗೆ ಪ್ರಬಂಧ ಬರೆಯುವುದಕ್ಕೇ ಒಂದು ಕೋರ್ಸ್ ಇದೆ. ಇಂಗ್ಲಿಷಿನಲ್ಲಿ ಬರೆದರೂ ಸರಿ, ಕನ್ನಡದಲ್ಲಿ ಬರೆದರೂ ಸರಿ. ಒಂದೇ ಪ್ರಬಂಧಕ್ಕೆ ಮೂರು ಡ್ರಾಫ್ಟ್ ಕೊಡಬೇಕು, ಮೂರಕ್ಕೂ ಮಾರ್ಕ್ಸ್ ಇದೆ.

ನನ್ನ ವಿಷಯ ಬೆಂಗಳೂರಿನ ಕೆರೆಗಳು. ಶುರು ಹೀಗಿದೆ: "ನೀರು ಜೀವಜಲ. ಅನಾದಿ ಕಾಲದಿಂದಲೂ ಮಾನವನು ನೀರಿನ ದಡದಲ್ಲೇ ನೆಲೆಸಿದ್ದಾನೆ." ಆಮೇಲೆ ಕೆಂಪೇಗೌಡರು ಕೆರೆ ಕಟ್ಟಿಸಿದ ವಿಷಯ. ಅದಾದ ಮೇಲೆ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಗಿದ್ದು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಗಿದ್ದು, ನಲ್ಲಿ ನೀರು ಬಂದ ಮೇಲೆ ಜನ ಕೆರೆ ಮರೆತಿದ್ದು. ಆಮೇಲೆ ಬೆಳ್ಳಂದೂರು ಕೆರೆಯ ನೊರೆ. ಕೊನೆಗೆ "ಸರ್ಕಾರ ಮತ್ತು ಸಾರ್ವಜನಿಕರು ಕೈಜೋಡಿಸಬೇಕು."

ಮೇಡಂ ಎಲ್ಲೂ ಕೆಂಪು ಗೆರೆ ಎಳೆಯಲಿಲ್ಲ. ಕೆಳಗೆ ಒಂದೇ ಸಾಲು ಬರೆದಿದ್ದರು: "ಇದರಲ್ಲಿ ನೀವು ಏನು ಹೇಳುತ್ತಿದ್ದೀರಿ?" ಎರಡನೇ ಡ್ರಾಫ್ಟ್‌ನಲ್ಲಿ ಕಾಗುಣಿತ ಸರಿ ಮಾಡಿದೆ, ಪದಗಳನ್ನು ಇನ್ನೂ ಚೆನ್ನಾಗಿರುವ ಪದಗಳಿಗೆ ಬದಲಾಯಿಸಿದೆ, ಒಂದು ಗಾದೆ ಸೇರಿಸಿದೆ. ಅದಕ್ಕೂ ಅದೇ ಸಾಲು! ಪಿಯುಸಿಯಲ್ಲಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಬರೆದೇ ಒಳ್ಳೆ ಮಾರ್ಕ್ಸ್ ಬಂದಿತ್ತು. ಮೂರನೆಯದನ್ನು ಗುರುವಾರ ಕೊಡಬೇಕು. ಇನ್ನು ಏನು ತಿದ್ದಲಿ?

ಸೆಕೆಂಡ್ ಸೆಮ್

ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ. ಎಐಗೆ ಹಾಕಿ, "ಚೆನ್ನಾಗಿ ಬರಿ" ಅನ್ನಿ. ಎರಡು ನಿಮಿಷದ ಕೆಲಸ. ನಮ್ಮ ಕ್ಲಾಸಲ್ಲಿ ತುಂಬಾ ಜನ ಅದೇ ಮಾಡುತ್ತಾರೆ.

ಹಳೇ ಡೆಸ್ಕ್

ಹಾಕಲಿ ಬಿಡಿ. ಇನ್ನೂ ನಯವಾದ "ಅನಾದಿ ಕಾಲದಿಂದಲೂ" ಬರುತ್ತದೆ. ಮೇಡಂ ಅದರ ಕೆಳಗೂ ಅದೇ ಸಾಲು ಬರೆಯುತ್ತಾರೆ.

ಅಮ್ಮಾ, ನಾನು ಚಾಮರಾಜಪೇಟೆಯವನು. ಪತ್ರಿಕೆಯ ಡೆಸ್ಕ್‌ನಲ್ಲಿ ಬೇರೆಯವರ ಬರಹ ತಿದ್ದುತ್ತಲೇ ನಿವೃತ್ತಿ ಆದವನು. ನಿಮ್ಮ ಮೇಡಂ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಪರೀಕ್ಷೆಯ ಪ್ರಬಂಧದ ಲೆಕ್ಕ ಬೇರೆ. ಅಲ್ಲಿ ಮೌಲ್ಯಮಾಪಕರ ಮುಂದೆ ಉತ್ತರ ಪತ್ರಿಕೆಗಳ ಕಟ್ಟು ಇರುತ್ತದೆ. ಪೀಠಿಕೆ ಇದೆಯಾ, ಇದೆ. ಉಪಸಂಹಾರ ಇದೆಯಾ, ಇದೆ. ಮುಂದಿನದು ಕೊಡಿ. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಅಂತ ಶುರುಮಾಡಿದ ಗಾದೆ ವಿಸ್ತರಣೆಗಳನ್ನು ಈ ರಾಜ್ಯದಲ್ಲಿ ಎಷ್ಟು ಮಕ್ಕಳು ಬರೆದಿದ್ದಾರೋ! ಯಾರೂ ಅದನ್ನು ಓದುವುದಿಲ್ಲ, ಬರೀ ಟಿಕ್ ಹಾಕುತ್ತಾರೆ. ನಿಮ್ಮ ಮೇಡಂ ಮಾತ್ರ ಓದುತ್ತಿದ್ದಾರೆ. ಕಷ್ಟ ಇರುವುದೇ ಅಲ್ಲಿ.

ಈಗ ಹೀಗೆ ಮಾಡಿ. ಡ್ರಾಫ್ಟ್‌ನ ಪ್ರಿಂಟ್ ತೆಗೆಯಿರಿ. ಮೊಬೈಲಿನಲ್ಲಿ ಬೇಡ. ಪ್ರತಿ ಪ್ಯಾರಾದ ಪಕ್ಕ ಪೆನ್ಸಿಲ್‌ನಲ್ಲಿ, ಆ ಪ್ಯಾರಾ ಏನು ಹೇಳುತ್ತದೆ ಅಂತ ಒಂದು ಪೂರ್ತಿ ವಾಕ್ಯ ಬರೆಯಿರಿ. "ಕೆರೆಗಳ ಬಗ್ಗೆ" ಅಂತ ಬರೆದರೆ ಆಗಲಿಲ್ಲ. ಅದು ತಲೆಬರಹ ಆಯಿತು, ಹೇಳಿಕೆ ಆಗಲಿಲ್ಲ. ಇನ್ನೊಬ್ಬರು "ಅದು ಹೇಗೆ?" ಅಂತ ಜಗಳಕ್ಕೆ ಬರುವಂಥ ಮಾತು ಅದರಲ್ಲಿ ಇರಬೇಕು.

ನಿಮ್ಮ ಪ್ರಬಂಧಕ್ಕೆ ನಾನೇ ಮಾಡಿ ನೋಡಿದೆ. ಮೊದಲ ಪ್ಯಾರಾ: ನೀರು ಬೇಕು. ಯಾರು ಬೇಡ ಅಂದರು? ಎರಡನೆಯದು: ಕೆಂಪೇಗೌಡರು ಕೆರೆ ಕಟ್ಟಿಸಿದರು. ಗೊತ್ತು. ಕೊನೆಯದು: ಕೈಜೋಡಿಸಬೇಕು. ಯಾರ ಕೈ, ಯಾವಾಗ, ಎಲ್ಲಿ? ಆದರೆ ಮೂರನೆಯದರಲ್ಲಿ ಒಂದು ಮಾತನ್ನು ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ನಲ್ಲಿ ನೀರು ಬಂದ ಮೇಲೆ ಜನ ಕೆರೆ ಮರೆತರು ಅಂತ. ನಿಮ್ಮ ಪ್ರಬಂಧ ಇದೇ ಅಮ್ಮಾ! ಉಳಿದದ್ದೆಲ್ಲ ಅದಕ್ಕೆ ದಾರಿ ಹುಡುಕುತ್ತಾ ಬರೆದದ್ದು.

ಕೆರೆ ಹಾಳಾಗಿದ್ದಕ್ಕೆ ಒತ್ತುವರಿ ಕಾರಣ ಅಂತ ಎಲ್ಲರೂ ಬರೆಯುತ್ತಾರೆ. ಅದಕ್ಕೂ ಮುಂಚೆ ಏನಾಯಿತು ಅಂತ ನೀವು ಬರೆಯಿರಿ. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ. 1974ರಲ್ಲಿ ಕಾವೇರಿಯ ಮೊದಲ ಹಂತ, ಸುಮಾರು 100 ಕಿ.ಮೀ. ಆಚೆಯಿಂದ. ಊರು ದೂರ ದೂರದ ನೀರಿಗೆ ಕೈ ಚಾಚುತ್ತಾ ಹೋದಂತೆ ಪಕ್ಕದ ಕೆರೆ ಬರೀ ಖಾಲಿ ಜಾಗದಂತೆ ಕಂಡಿತು. ಖಾಲಿ ಜಾಗ ಕಂಡರೆ ಬಸ್ ನಿಲ್ದಾಣ ಬರುತ್ತದೆ, ಸ್ಟೇಡಿಯಂ ಬರುತ್ತದೆ. ಬೆಳ್ಳಂದೂರನ್ನೂ ಇಲ್ಲಿಗೇ ಜೋಡಿಸಬಹುದು. ಅಷ್ಟು ದೂರದಿಂದ ತಂದ ನೀರು ಬಳಕೆಯಾದ ಮೇಲೆ ಎಲ್ಲಿಗಾದರೂ ಹೋಗಬೇಕಲ್ಲ? ಸೋಪು, ಡಿಟರ್ಜೆಂಟ್ ಸಮೇತ ಚರಂಡಿ ಸೇರಿ ಕೆರೆಗೆ ಬಂತು. 2015ರಲ್ಲಿ ನೊರೆಗೆ ಬೆಂಕಿಯೇ ಹತ್ತಿಕೊಂಡಿತು. ಕುಡಿಯುವ ಕೆರೆ ಕೊಳಚೆಯ ಗುಂಡಿ ಆಗಿದ್ದಕ್ಕೂ ನಲ್ಲಿಗೂ ಸಂಬಂಧ ಇದೆ ಅಂತ ತೋರಿಸಿದರೆ ಐದು ಪ್ಯಾರಾಗಳಿಗೂ ಒಂದು ದಾರ ಸಿಕ್ಕಿತು. ಆಗ ಯಾವ ಪ್ಯಾರಾ ಬೇಡ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಕಾಗುಣಿತ ಕೊನೆಗೆ. ಒಡೆಯುವ ಗೋಡೆಗೆ ಸುಣ್ಣ ಯಾಕೆ ಹೊಡೆಯುತ್ತೀರಿ?

ಒಂದು ಪ್ರಶ್ನೆ. ನಿಮ್ಮ ಹೆಸರಿನಲ್ಲಿ ಕೋಲಾರ ಇದೆ. ಪ್ರಬಂಧದಲ್ಲಿ ಯಾಕೆ ಇಲ್ಲ? ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಕಳಿಸುವ ನೀರು, ನಿಮ್ಮೂರ ಕೆರೆಗೆ ಬಂದಿದೆಯಾ?

ಟೀಚರ್ ವಿಜಯನಗರ

ನಾನು ಬರವಣಿಗೆಯ ಕೋರ್ಸ್ ಪಾಠ ಮಾಡುತ್ತೇನೆ. ಇದು ಒಬ್ಬ ವಿದ್ಯಾರ್ಥಿನಿಯ ಕಷ್ಟ ಅಲ್ಲ. ಅಮೆರಿಕದ ನ್ಯಾನ್ಸಿ ಸಾಮರ್ಸ್ 1980ರಲ್ಲೇ ಇದರ ಬಗ್ಗೆ ಬರೆದರು. ಕಾಲೇಜು ವಿದ್ಯಾರ್ಥಿಗಳು ಮತ್ತು ಅನುಭವಿ ಬರಹಗಾರರು ತಮ್ಮ ಬರಹವನ್ನು ಹೇಗೆ ತಿದ್ದುತ್ತಾರೆ ಅಂತ ಹೋಲಿಸಿ ನೋಡಿದರು. ವಿದ್ಯಾರ್ಥಿಗಳಿಗೆ ತಿದ್ದುವುದು ಅಂದರೆ ಪದ ಬದಲಾಯಿಸುವುದು. ಅನುಭವಿಗಳು ಮೊದಲು ತಮ್ಮ ವಾದಕ್ಕೆ ಒಂದು ರೂಪ ಹುಡುಕುತ್ತಾರೆ. ನಿಮ್ಮ ಎರಡನೇ ಡ್ರಾಫ್ಟ್‌ಗೆ ಆಗಿದ್ದೂ ಇದೇ ಅಲ್ವಾ?

ಆದರೆ ಹಳೇ ಡೆಸ್ಕ್ ಅವರ ಒಂದು ಮಾತಿಗೆ ನನ್ನ ತಕರಾರಿದೆ. ತಿದ್ದುವುದು ಅಂದರೆ ಕತ್ತರಿಸುವುದೇ ಅನ್ನುವ ಧಾಟಿ. ಅದು ಪತ್ರಿಕೆಯ ಅಭ್ಯಾಸ, ಅಲ್ಲಿ ಜಾಗ ಕಮ್ಮಿ. ಪ್ರಬಂಧ ಅನ್ನುವ ಪ್ರಕಾರವನ್ನೇ ಶುರುಮಾಡಿದ ಫ್ರಾನ್ಸಿನ ಮಾಂಟೇನ್ 1580ರಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಅಲ್ಲಿಗೆ ನಿಲ್ಲಿಸಲಿಲ್ಲ. 1588ರ ಮುದ್ರಣದ ಪ್ರತಿಯೊಂದನ್ನು ಇಟ್ಟುಕೊಂಡು 1592ರಲ್ಲಿ ಸಾಯುವ ತನಕ ಅದರ ಅಂಚುಗಳಲ್ಲಿ ಸೇರಿಸುತ್ತಲೇ ಇದ್ದ. ಆ ಪ್ರತಿ ಬೋರ್ಡೋದಲ್ಲಿ ಈಗಲೂ ಇದೆ. ನಿಮ್ಮ ಪ್ರಬಂಧಕ್ಕೆ ಈಗ ಬೇಕಾಗಿರುವುದೂ ಸೇರಿಸುವ ಕೆಲಸ. ಮೂರನೇ ಪ್ಯಾರಾದ ಆ ಒಂದು ಸಾಲು ಎರಡು ಪುಟ ಆಗಬೇಕು. ಮೊದಲು ಅದನ್ನು ಬೆಳೆಸಿ, ಆಮೇಲೆ ಕತ್ತರಿ ತೆಗೆದುಕೊಳ್ಳಿ. ಮೊದಲೇ ಕತ್ತರಿಸಿದರೆ ಕೈಯಲ್ಲಿ ಉಳಿಯುವುದು ಅರ್ಧ ಪುಟ, ಅದನ್ನು ನೋಡಿ ಗಾಬರಿಯಾಗಿ ಮತ್ತೆ ಗಾದೆ ಸೇರಿಸುತ್ತೀರಿ.

ಹಳೇ ಡೆಸ್ಕ್

ಮೇಡಂ, ಒಪ್ಪಿದೆ. ಆದರೆ "ಅನಾದಿ ಕಾಲ" ಮಾತ್ರ ಇವತ್ತೇ ಹೋಗಲಿ.

ಕೋಲಾರದ ಹುಡುಗಿ

ಸರ್, ಮೇಡಂ, ತುಂಬಾ ಥ್ಯಾಂಕ್ಸ್. ನಮ್ಮೂರು ನರಸಾಪುರದ ಹತ್ತಿರ. ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗೂ ಬಂದಿದೆ. ನಾನು ಚಿಕ್ಕವಳಿದ್ದಾಗ ಅದರಲ್ಲಿ ಬರೀ ಜಾಲಿ ಇತ್ತು, ಈಗ ತುಂಬಿದೆ. ಅಪ್ಪ ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂತು ಅಂತ ಖುಷಿಯಾಗಿದ್ದಾರೆ. ಅಜ್ಜಿ ಮಾತ್ರ ಆ ನೀರಿನಲ್ಲಿ ಹಸು ಕೂಡ ತೊಳೆಯುವುದಿಲ್ಲ. ಇಬ್ಬರಿಗೂ ದಿನಾ ವಾದ. ಬೆಂಗಳೂರಿನ ಕೆರೆ ಅಂತ ವಿಷಯ ಕೊಟ್ಟಿದ್ದರಿಂದ ಇದನ್ನು ಬರೆಯಬಹುದು ಅಂತ ಹೊಳೆಯಲೇ ಇಲ್ಲ. ಈಗ ಶುರು ಹೀಗೆ ಮಾಡಿದ್ದೇನೆ:

"ನಮ್ಮೂರ ಕೆರೆಯಲ್ಲಿ ಈಗ ಬೆಂಗಳೂರಿನ ನೀರಿದೆ. ಕಾವೇರಿಯಿಂದ ನಲ್ಲಿಗೆ, ನಲ್ಲಿಯಿಂದ ಚರಂಡಿಗೆ, ಚರಂಡಿಯಿಂದ ಶುದ್ಧೀಕರಣ ಘಟಕಕ್ಕೆ ಹೋಗಿ, ಅಲ್ಲಿಂದ ಪೈಪಿನಲ್ಲಿ ಬಂದ ನೀರು. ನನ್ನ ಪಿಜಿಯ ಬಚ್ಚಲಿನಿಂದ ಹೋದದ್ದೂ ಅದರಲ್ಲಿ ಸೇರಿರಬಹುದು. ನೀರಿನ ಮಹತ್ವ ಅಪಾರವಾದುದು."

ಸರಿ ಇದೆಯಾ?

ಹಳೇ ಡೆಸ್ಕ್

ಕೊನೆಯ ವಾಕ್ಯ ತೆಗೆಯಿರಿ. ಪಿಯುಸಿ ಇನ್ನೂ ಬಿಟ್ಟಿಲ್ಲ ನಿಮ್ಮನ್ನು. ಅಪ್ಪ, ಅಜ್ಜಿಯ ವಾದವನ್ನು ಅದರ ಜಾಗಕ್ಕೆ ತನ್ನಿ. ಇಬ್ಬರಲ್ಲಿ ಯಾರು ಸರಿ ಅಂತ ತೀರ್ಪು ಕೊಡುವ ಅವಸರ ಬೇಡ. ಆ ನೀರಿಗೆ ಎರಡು ಹಂತದ ಶುದ್ಧೀಕರಣ ಸಾಕಾ, ಮೂರನೆಯದೂ ಬೇಕಾ ಅನ್ನುವ ಚರ್ಚೆಯೇ ಇದೆ. ಅಜ್ಜಿಯ ಅನುಮಾನವನ್ನು ಅದರ ಪಕ್ಕ ಇಡಿ.

ಇನ್ನೊಂದು. ಪಿಜಿ ಯಾವ ಕಡೆ? ಬಸವನಗುಡಿ ಪಶ್ಚಿಮಕ್ಕಾದರೆ ಬಚ್ಚಲ ನೀರು ವೃಷಭಾವತಿ ನದಿಯ ಕಡೆಗೆ ಹೋಗುತ್ತದೆ, ಕೋಲಾರಕ್ಕಲ್ಲ. ಆಗ ಆ ವಾಕ್ಯ ಸುಳ್ಳಾಗುತ್ತದೆ.

ಕೋಲಾರದ ಹುಡುಗಿ

ಬಿಟಿಎಂ ಲೇಔಟ್, ಸರ್.

ಹಳೇ ಡೆಸ್ಕ್

ಹಾಗಾದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯೇ, ಅದೇ ಕೆ.ಸಿ. ವ್ಯಾಲಿ. ವಾಕ್ಯ ಇರಲಿ, "ಇರಬಹುದು" ಕೂಡ ಇರಲಿ. ಗುರುವಾರ ಕೊಡುವ ಮುಂಚೆ ಒಂದು ಸಲ ಗಟ್ಟಿಯಾಗಿ ಓದಿ. ರೂಂಮೇಟ್ ಬೈದರೆ ಟೆರೇಸಿಗೆ ಹೋಗಿ.