ವಿಶ್ವಸಂಸ್ಥೆಯ ಮಾತು ನಮ್ಮ ಆಂತರಿಕ ಸಮಿತಿಯ ಕಡತಕ್ಕೆ ಬಂದದ್ದು ಹೇಗೆ?

ಶರಾವತಿ ತೀರ (ಪ್ರಶ್ನೆ)

ನಾನು ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಅಧ್ಯಾಪಕಿ. ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯ ಅಧ್ಯಕ್ಷತೆಯನ್ನು ಈ ವರ್ಷ ನನಗೆ ವಹಿಸಿದ್ದಾರೆ. ತರಬೇತಿಗೆ ಹೋದಾಗ ಸಂಪನ್ಮೂಲ ವ್ಯಕ್ತಿಯೊಬ್ಬರು, ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ ಬೇರು ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿದೆ ಎಂದಷ್ಟೇ ಹೇಳಿ ಮುಂದಿನ ಸ್ಲೈಡಿಗೆ ಹೋಗಿಬಿಟ್ಟರು. ಮರುದಿನ ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, ಸರ್ಕಾರಗಳು ಸೇರಿ ಕಟ್ಟಿಕೊಂಡ ಇಂಥ ಸಂಸ್ಥೆಗಳಿಗೆ ಪೊಲೀಸರೂ ಇಲ್ಲ, ದಂಡ ವಿಧಿಸುವ ಅಧಿಕಾರವೂ ಇಲ್ಲ, ಆದ್ದರಿಂದ ಅವುಗಳಿಂದ ಹೆಣ್ಣುಮಕ್ಕಳಿಗೆ ಮೂರು ಕಾಸಿನ ಪ್ರಯೋಜನವಿಲ್ಲ ಎಂದರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಹೊರದೇಶದಲ್ಲಿ ಸಹಿಯಾದ ಒಡಂಬಡಿಕೆಯೊಂದು, ನಮ್ಮ ಗ್ರಂಥಾಲಯದ ಸಹಾಯಕಿ ನಾಳೆ ಬರೆದು ಕೊಡಬಹುದಾದ ದೂರಿನ ಅರ್ಜಿಯವರೆಗೆ ನಿಜವಾಗಿ ಯಾವ ದಾರಿಯಲ್ಲಿ ಬಂತು? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಧಾರವಾಡದ ವಕೀಲೆ

ಮೇಡಂ, ಆ ದಾರಿ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯನ್ನು ಹಾದು ಬರುತ್ತದೆ. ರಾಜ್ಯ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' (ಹಳ್ಳಿಮಟ್ಟದ ಕಾರ್ಯಕರ್ತೆ) ಆಗಿ ದುಡಿಯುತ್ತಿದ್ದ ಭಂವರಿ ದೇವಿ ಅವರು ಬಾಲ್ಯವಿವಾಹವೊಂದನ್ನು ತಡೆಯಲು ಹೋದದ್ದಕ್ಕಾಗಿ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಅವರು ಮಾಡಿದ್ದು ಸರ್ಕಾರ ವಹಿಸಿದ್ದ ಕೆಲಸವನ್ನೇ. ಆದರೂ ಕೆಲಸದ ಕಾರಣಕ್ಕೆ ಬಂದೊದಗುವ ಇಂಥ ಅಪಾಯದಿಂದ ಹೆಣ್ಣನ್ನು ಕಾಪಾಡುವ ಹೊಣೆ ಯಾರದು ಎಂದು ಹೇಳುವ ಒಂದು ಕಾನೂನೂ ಆಗ ದೇಶದಲ್ಲಿರಲಿಲ್ಲ. 'ವಿಶಾಖಾ' ಮತ್ತಿತರ ಮಹಿಳಾ ಸಂಘಟನೆಗಳು ಈ ಕೊರತೆಯನ್ನೇ ಮುಂದಿಟ್ಟು ಸುಪ್ರೀಂ ಕೋರ್ಟಿನ ಮೊರೆ ಹೊಕ್ಕವು.

ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1979ರ ಡಿಸೆಂಬರ್ 18ರಂದು ಅಂಗೀಕರಿಸಿದ, ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ನಿವಾರಿಸುವ ಒಡಂಬಡಿಕೆ, ಅಂದರೆ ಸೀಡಾ, ಪ್ರಕರಣದೊಳಗೆ ಬರುವುದು ಇಲ್ಲಿ. ಭಾರತ ಅದಕ್ಕೆ 1980ರಲ್ಲಿ ಸಹಿ ಹಾಕಿ 1993ರ ಜುಲೈನಲ್ಲಿ ಅನುಮೋದನೆ ನೀಡಿತ್ತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ನೇತೃತ್ವದ ಪೀಠವು 1997ರ ಆಗಸ್ಟ್ 13ರಂದು ನೀಡಿದ ತೀರ್ಪಿನಲ್ಲಿ, ದೇಶದ ಕಾನೂನು ಮೌನವಾಗಿರುವ ಕಡೆ, ಮೂಲಭೂತ ಹಕ್ಕುಗಳಿಗೆ ವಿರುದ್ಧವಲ್ಲದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಸಂವಿಧಾನದ 14, 15, 19 ಮತ್ತು 21ನೆಯ ವಿಧಿಗಳ ಜೊತೆಗೂಡಿಸಿ ಓದಬೇಕು ಎಂದಿತು. ಸರ್ಕಾರ 1995ರ ಬೀಜಿಂಗ್ ಮಹಿಳಾ ಸಮ್ಮೇಳನದಲ್ಲಿ ಕೊಟ್ಟಿದ್ದ ಮಾತನ್ನೂ ಅದು ನೆನಪಿಸಿತು. ಹೀಗೆ ವಿಶಾಖಾ ಮಾರ್ಗಸೂಚಿಗಳು ಹುಟ್ಟಿದವು. ಸಂಸತ್ತು ಕಾಯ್ದೆ ಮಾಡುವವರೆಗೆ ಅವೇ ಕಾನೂನಾಗಿದ್ದವು.

ಸಾಧ್ಯವಾದರೆ ಒಂದು ಕೆಲಸ ಮಾಡಿ ನೋಡಿ. ಒಡಂಬಡಿಕೆಯ ಪಾಲನೆಯನ್ನು ಪರಿಶೀಲಿಸುವ, 23 ಪರಿಣತರಿರುವ ಸಮಿತಿಯೊಂದಿದೆ. ಅದು 1992ರಲ್ಲಿ, ಭಂವರಿ ದೇವಿ ಅವರ ಮೇಲೆ ಹಲ್ಲೆ ನಡೆದ ಆ ವರ್ಷದಲ್ಲೇ, 19ನೆಯ ಸಾಮಾನ್ಯ ಶಿಫಾರಸನ್ನು ಹೊರಡಿಸಿ, ಲೈಂಗಿಕ ಕಿರುಕುಳವೆಂದರೆ ಏನೆಂದು ವಿವರಿಸಿತು: ಬೇಡವಾದ ದೈಹಿಕ ಸ್ಪರ್ಶ, ಲೈಂಗಿಕ ಬೇಡಿಕೆ, ಲೈಂಗಿಕ ಧ್ವನಿಯುಳ್ಳ ಮಾತು, ಅಶ್ಲೀಲ ಚಿತ್ರಗಳ ಪ್ರದರ್ಶನ. ಇದನ್ನೂ, ವಿಶಾಖಾ ತೀರ್ಪಿನ ವ್ಯಾಖ್ಯೆಯನ್ನೂ, 2013ರ ಕಾಯ್ದೆಯ 2ನೆಯ ಸೆಕ್ಷನ್ನಿನ ವ್ಯಾಖ್ಯೆಯನ್ನೂ ಒಂದರ ಪಕ್ಕ ಒಂದಿಟ್ಟು ಓದಿ. ಬಹುಮಟ್ಟಿಗೆ ಅವೇ ಪದಗಳು. ಜಿಲ್ಲಾ ನ್ಯಾಯಾಲಯದಲ್ಲಿ ಕಿರಿಯ ವಕೀಲೆಯಾಗಿದ್ದ ಕಾಲದಲ್ಲಿ ನಾನು ಈ ಮೂರನ್ನೂ ಜೆರಾಕ್ಸ್ ಮಾಡಿಸಿ, ಸಮಾನ ಪದಗಳಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೆ. ಆ ಹಾಳೆಗಳು ಈಗಲೂ ನನ್ನ ಬಳಿ ಇವೆ.

ಸಂಘದ ಕಚೇರಿ, ಬೆಂಗಳೂರು

ವಕೀಲೆಯವರು ಹೇಳಿದ್ದೆಲ್ಲವೂ ಸರಿ, ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಭಂವರಿ ದೇವಿ ಅವರಿಗೆ ಅನ್ಯಾಯವಾಗುತ್ತದೆ. ಅವರ ಕ್ರಿಮಿನಲ್ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯ 1995ರಲ್ಲೇ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು, ವಿಶಾಖಾ ತೀರ್ಪು ಅದನ್ನು ಮುಟ್ಟಲೂ ಇಲ್ಲ. ಮಾರ್ಗಸೂಚಿ ಕಾಯ್ದೆಯಾಗಲು ಮತ್ತೆ 16 ವರ್ಷ ಹಿಡಿಯಿತು.

ಸರ್ಕಾರಗಳೇ ಸದಸ್ಯರಾಗಿರುವ ಸಂಸ್ಥೆಯಲ್ಲಿ ಪ್ರತಿ ಸರ್ಕಾರವೂ ತನಗೆ ಬೇಕಾದಷ್ಟನ್ನೇ ಒಪ್ಪಿಕೊಳ್ಳಬಹುದು. ಸೀಡಾವನ್ನು ಅನುಮೋದಿಸುವಾಗ ಭಾರತ, ಯಾವುದೇ ಸಮುದಾಯದ ವೈಯಕ್ತಿಕ ವಿಚಾರಗಳಲ್ಲಿ ಆ ಸಮುದಾಯದ ಸಮ್ಮತಿಯಿಲ್ಲದೆ ಕೈ ಹಾಕುವುದಿಲ್ಲವೆಂಬ ಘೋಷಣೆಯನ್ನು ಜೊತೆಗಿಟ್ಟಿತು. ನೊಂದ ಮಹಿಳೆ ನೇರವಾಗಿ ಸಮಿತಿಗೆ ದೂರು ಸಲ್ಲಿಸಲು ಅವಕಾಶ ಕೊಡುವ 1999ರ ಐಚ್ಛಿಕ ಪ್ರೋಟೊಕಾಲನ್ನು ನಮ್ಮ ಸರ್ಕಾರ ಸೇರಿಯೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗೆಲಸದವರಿಗಾಗಿ 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆಗೂ, ಕೆಲಸದ ಜಾಗದ ಹಿಂಸೆಯನ್ನು ಕುರಿತ 2019ರ 190ನೆಯ ಒಡಂಬಡಿಕೆಗೂ ಅನುಮೋದನೆ ದೊರೆತಿಲ್ಲ.

ನಮ್ಮ ಸಂಘದ ಕಚೇರಿಗೆ ಒಮ್ಮೆ ಒಬ್ಬ ಮನೆಗೆಲಸದಾಕೆ ನಾಲ್ಕು ಮಡಿಕೆಯ ಅರ್ಜಿಯೊಂದನ್ನು ರವಿಕೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಬೆವರಿಗೆ ಶಾಯಿ ಹರಡಿಕೊಂಡಿತ್ತು. ಅದನ್ನು ಬರೆಸಿಕೊಂಡು ಮೂರು ಕಚೇರಿಗಳಿಗೆ ಅಲೆದಿದ್ದರಂತೆ. ಕಾಯ್ದೆಯ ಪ್ರಕಾರ ಮನೆಯೂ ಕೆಲಸದ ಜಾಗವೇ, ಆಕೆಯ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿ ಸ್ವೀಕರಿಸಬೇಕು. ಆದರೆ ಆ ಸಮಿತಿ ಎಲ್ಲಿ ಕೂರುತ್ತದೆ ಎಂದು ಆ ಮೂರೂ ಕಡೆ ಯಾರಿಗೂ ಗೊತ್ತಿರಲಿಲ್ಲ. ಮೂರು ತಿಂಗಳೊಳಗೆ ದೂರು ಕೊಡಬೇಕೆಂಬ ನಿಯಮವಿರುವಾಗ ಈ ಅಲೆದಾಟದ ಒಂದೊಂದು ದಿನವೂ ಆಕೆಯ ಹಕ್ಕನ್ನು ಸವೆಸುತ್ತದೆ.

ನಿವೃತ್ತ ಇತಿಹಾಸ ಅಧ್ಯಾಪಕ, ಮೈಸೂರು

ಸಂಘದವರ ಸಂಕಟ ನನಗೂ ಅರ್ಥವಾಗುತ್ತದೆ. ಆದರೂ ಈ ಸಂಸ್ಥೆಗಳನ್ನು ಹೊರಗಿನವು ಎಂದು ನೋಡುವುದನ್ನು ನಾನು ಒಪ್ಪಲಾರೆ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಕರಡಿನ ಹಂತದಲ್ಲಿದ್ದಾಗ, 'ಎಲ್ಲ ಪುರುಷರೂ' ಎಂಬ ಅರ್ಥಕ್ಕೂ ಎಡೆಯಿದ್ದ ಮೊದಲ ವಿಧಿಯ ಇಂಗ್ಲಿಷ್ ಮಾತನ್ನು 'ಎಲ್ಲ ಮಾನವರೂ' ಎಂದು ತಿದ್ದಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ನಮ್ಮ ಸಂವಿಧಾನ ಸಭೆಯ ಸದಸ್ಯೆಯೂ ಅವರೇ.

ವರದಿ ಕೇಳುವುದಷ್ಟೇ ಈ ಸಂಸ್ಥೆಗಳ ಕೆಲಸ ಎಂದು ಹಗುರವಾಗಿ ಹೇಳುವವರಿಗೆ ನಾನು 1974ರ 'ಸಮಾನತೆಯ ಕಡೆಗೆ' ವರದಿಯನ್ನು ನೆನಪಿಸುತ್ತೇನೆ. ಮಹಿಳೆಯರ ಸ್ಥಿತಿಗತಿಯ ಬಗ್ಗೆ ವಿಶ್ವಸಂಸ್ಥೆ ಸದಸ್ಯ ರಾಷ್ಟ್ರಗಳಿಂದ ವರದಿ ಬಯಸಿದ್ದ ಹಿನ್ನೆಲೆಯಲ್ಲಿ, 1971ರಲ್ಲಿ ಫುಲ್‌ರೇಣು ಗುಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ವೀಣಾ ಮಜುಂದಾರ್ ಅವರು ಮುಂದೆ ಅದರ ಸದಸ್ಯ ಕಾರ್ಯದರ್ಶಿಯಾದರು. ಸ್ವಾತಂತ್ರ್ಯ ಬಂದ ಮೇಲೆ ಹೆಣ್ಣುಮಕ್ಕಳ ಸ್ಥಿತಿ ತಾನಾಗಿ ಸುಧಾರಿಸುತ್ತಿದೆ ಎಂದು ನಂಬಿ ಕುಳಿತಿದ್ದ ದೇಶದ ಮುಂದೆ ಆ ಸಮಿತಿ ಇಟ್ಟದ್ದು ಬೇರೆಯದೇ ಚಿತ್ರ: 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದರು, 1971ರಲ್ಲಿ 930. ಈ ಅಂಕಿಯನ್ನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದಾಗಲೆಲ್ಲ ನನ್ನ ಕೈ ಒಂದು ಕ್ಷಣ ತಡೆಯುತ್ತಿತ್ತು.

ಇನ್ನೊಂದು ಮಾತು. ಮದುವೆಗಳ ಕಡ್ಡಾಯ ನೋಂದಣಿ ಭಾರತದಂಥ ವಿಶಾಲ ದೇಶದಲ್ಲಿ ಕಾರ್ಯಸಾಧ್ಯವಲ್ಲ ಎಂದೂ ಸರ್ಕಾರ ಸೀಡಾ ಅನುಮೋದನೆಯ ಹೊತ್ತಿನಲ್ಲಿ ಘೋಷಿಸಿತ್ತು. ಆದರೆ ನಮ್ಮ ಕರ್ನಾಟಕದ ಮದುವೆ ನೋಂದಣಿ ಕಾಯ್ದೆ 1976ರದು, ಒಡಂಬಡಿಕೆಗಿಂತ ಮೂರು ವರ್ಷ ಹಿಂದಿನದು! ಮುಂದೆ 2006ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಧರ್ಮದವರ ಮದುವೆಗಳಿಗೂ ನೋಂದಣಿ ಕಡ್ಡಾಯವಾಗಬೇಕೆಂದು ನಿರ್ದೇಶಿಸಿತು. ಕಾರ್ಯಸಾಧ್ಯವಲ್ಲ ಎಂಬ ಮಾತನ್ನು ಸರ್ಕಾರ ಬರಹದಲ್ಲಿ ಕೊಟ್ಟಿದ್ದರಿಂದಲೇ ಅದನ್ನು ಹಿಡಿದು ಪ್ರಶ್ನಿಸಲು ನಮಗೆ ಆಧಾರ ಸಿಗುತ್ತದೆ.

ಶರಾವತಿ ತೀರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಮೂರು ವ್ಯಾಖ್ಯೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ. ವಕೀಲೆಯವರು ಹೇಳಿದ ಹಾಗೆಯೇ ಇದೆ. ಅದರ ಕನ್ನಡ ರೂಪವನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಬೇಕೆಂದಿದ್ದೇನೆ. ನಮಗೆ ಬಂದ ಸುತ್ತೋಲೆಯಲ್ಲಿ 'ಅನಪೇಕ್ಷಿತ ವರ್ತನೆ' ಎಂದಿದೆ. ನಮ್ಮ ಕಸಗುಡಿಸುವ ಅಮ್ಮನವರಿಗೆ ಓದಿ ಹೇಳಿದಾಗ ಅವರು, "ಹಂಗಂದ್ರೆ ಏನ್ರವ್ವಾ?" ಎಂದು ಕೇಳಿದರು. 'ಆಕೆಗೆ ಬೇಡವಾದ ವರ್ತನೆ' ಎಂದು ಬರೆದರೆ ಕಾನೂನಿನ ದೃಷ್ಟಿಯಿಂದ ತಪ್ಪಾಗುತ್ತದೆಯೇ?

ಧಾರವಾಡದ ವಕೀಲೆ

ಖಂಡಿತ ತಪ್ಪಾಗುವುದಿಲ್ಲ, ಹಾಗೆಯೇ ಬರೆಯಿರಿ. ಮಾಡಿದವನ ಉದ್ದೇಶಕ್ಕಿಂತ ಅದು ಆಕೆಗೆ ಬೇಕಿತ್ತೇ ಬೇಡವೇ ಎಂಬುದೇ ಆ ವ್ಯಾಖ್ಯೆಯಲ್ಲಿ ಮುಖ್ಯ, 'ಬೇಡವಾದ' ಎಂಬ ಪದದಲ್ಲಿ ಅದು ನೇರವಾಗಿ ಬರುತ್ತದೆ. 19ನೆಯ ಸೆಕ್ಷನ್ನಿನ ಪ್ರಕಾರ, ಸಮಿತಿಯನ್ನು ರಚಿಸಿದ ಆದೇಶವನ್ನೂ ಕಿರುಕುಳಕ್ಕಿರುವ ಶಿಕ್ಷೆಯ ವಿವರವನ್ನೂ ಎಲ್ಲರ ಕಣ್ಣಿಗೆ ಬೀಳುವಂತೆ ಹಾಕುವುದು ಸಂಸ್ಥೆಯ ಕರ್ತವ್ಯ, ಅದನ್ನು ಪ್ರಾಂಶುಪಾಲರಿಗೆ ತಿಳಿಸಿ.

ಸಂಘದ ಕಚೇರಿ, ಬೆಂಗಳೂರು

ಹಾಗೆಯೇ, ಅದೇ ಫಲಕದ ಕೆಳಗೆ ನಿಮ್ಮ ಜಿಲ್ಲೆಯ ಸ್ಥಳೀಯ ಸಮಿತಿಯ ವಿಳಾಸವನ್ನೂ ದೊಡ್ಡಕ್ಷರದಲ್ಲಿ ಬರೆಸಿಬಿಡಿ ಮೇಡಂ. ನಿಮ್ಮ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಜನರ ತಾಯಂದಿರು ಮನೆಗೆಲಸಕ್ಕೆ ಹೋಗುವವರಿರುತ್ತಾರೆ.