ಸೆಕೆಂಡ್ ಹ್ಯಾಂಡ್ ಬೈಕ್: ಮುಂದಿನ ಬ್ರೇಕ್ ಲಿವರ್ ಮೆತ್ತಗಿದೆ

ಪ್ರಶ್ನೆ: ಈಗಷ್ಟೇ ತಗೊಂಡ ಹಳೇ 150 ಸಿಸಿ ಬೈಕಿನ ಡಿಸ್ಕ್ ಬ್ರೇಕ್ ಲಿವರ್ ಹ್ಯಾಂಡಲ್‌ವರೆಗೂ ಬರುತ್ತೆ. ಎರಡು ಮೂರು ಸಲ ಒತ್ತಿದರೆ ಗಟ್ಟಿಯಾಗುತ್ತೆ. ಪ್ಯಾಡ್ ದಪ್ಪ ಇದೆ. ಎಲ್ಲಿಂದ ನೋಡಲಿ ಸರ್?

ಉತ್ತರ: ಪಂಪ್ ಮಾಡಿದಾಗ ಗಟ್ಟಿಯಾದರೆ ಮೊದಲ ಅನುಮಾನ ಲೈನಿನೊಳಗಿನ (ಬ್ರೇಕ್ ಆಯಿಲ್ ಹರಿಯೋ ಪೈಪಿನ) ಗಾಳಿ ಮೇಲೆ. ಬ್ರೇಕ್ ಆಯಿಲ್ ಕಪ್ಪಾಗಿದ್ದರೆ ಪೂರ್ತಿ ಬದಲಿಸಿ. ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರೋ ದರ್ಜೆಯದ್ದೇ, ಡಾಟ್ 3 ಅಥವಾ ಡಾಟ್ 4, ಮಾತ್ರ ಹಾಕಿ. ಲಿವರ್ ಒತ್ತಿ ಹಿಡಿದು ಬ್ಲೀಡರ್ ನಿಪ್ಪಲ್ (ಗಾಳಿ ಹೊರಬಿಡೋ ಸಣ್ಣ ಸ್ಕ್ರೂ) ಕಾಲು ಸುತ್ತು ಸಡಿಲಿಸಿ, ಅದನ್ನು ಬಿಗಿದ ಮೇಲೇ ಲಿವರ್ ಬಿಡಿ. ಗುಳ್ಳೆ ನಿಲ್ಲೋವರೆಗೂ ಹೀಗೇ. ಆಯಿಲ್ ಡಬ್ಬಿ ಖಾಲಿಯಾದರೆ ಮತ್ತೆ ಗಾಳಿ ಎಳೆಯುತ್ತೆ, ಜೋಪಾನ.

ಉತ್ತರ: ಹೀಗೆ ಗಾಳಿ ತೆಗೆದು (ಬ್ಲೀಡ್) ಆದ ಮೇಲೆ ಲಿವರ್ ಒಂದು ನಿಮಿಷ ಒತ್ತಿ ಹಿಡಿಯಿರಿ. ಎಲ್ಲೂ ಸೋರದೆ ಮೆಲ್ಲಗೆ ಒಳಕ್ಕೆ ಜಾರಿದರೆ ಮಾಸ್ಟರ್ ಸಿಲಿಂಡರ್ (ಲಿವರ್ ಹತ್ತಿರ ಆಯಿಲ್ ತಳ್ಳೋ ಪಂಪ್) ರಬ್ಬರ್ ಸವೆದಿದೆ, ಅದರ ರಬ್ಬರ್ ಕಿಟ್ ಹಾಕಿಸಿ. ಅಲ್ಲಿವರೆಗೂ ದಯವಿಟ್ಟು ಗಾಡಿ ರಸ್ತೆಗಿಳಿಸಬೇಡಿ.

ಉತ್ತರ: ಟ್ಯಾಂಕ್ ಮೇಲೆ ಬಟ್ಟೆ ಹೊದಿಸಿ. ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಏಳುತ್ತೆ, ತಕ್ಷಣ ನೀರು ಸುರಿಯಿರಿ.